ತಕ್ಕಡಿಯ ಮೇಲೆ ಸುಮ್ಮನೆ ಕೂತವು

ಜೂನ್ ೯

ಅಕ್ಕಾ,

ನಿನ್ನ ಪ್ರಯೋಗಾಲಯದ ಇಲಿಗಳೆಲ್ಲ ಆರೋಗ್ಯವಾಗಿವೆ ಎಂದುಕೊಂಡಿದ್ದೇನೆ. ನಿನ್ನ ಆರೋಗ್ಯ ಕೇಳಿದರೂ ನೀನು ಹೇಗೂ ಇಲಿಗಳದ್ದನ್ನೇ ಬರೆಯುತ್ತೀಯಲ್ಲ, ಅದಕ್ಕೆ ಮೊದಲೇ ವಿಚಾರಿಸಿಬಿಟ್ಟೆ.

ಒಂದು ಸಂತೋಷದ ಸುದ್ದಿ. ಗುಬ್ಬಿ ಮಕ್ಕಳ ಕಪಾಟು ದಾಟಿದಳು! ಚಪ್ಪಲಿ ಅಂಗಡಿಯವರ ಮನೆಯಲ್ಲಿ ಇದೆಂಥ ಸುದ್ದಿ ಎಂದು ನಿನಗೆ ಹೇಗೆ ಗೊತ್ತಾಗಬೇಕು? ಶಾಲೆ ಶುರುವಾಯಿತೆಂದು ಬೂಟು ಹಾಕಿಸಲು ಕೂರಿಸಿದರೆ ಮಕ್ಕಳ ಸಾಲಿನ ಕೊನೆಯ ಜೋಡಿಯೂ ಹಿಮ್ಮಡಿಗೆ ಸಿಕ್ಕಿಹಾಕಿಕೊಂಡಿತು. ಇವರು ಏಣಿ ಹತ್ತಿ ಹೆಂಗಸರ ಸಾಲಿನಿಂದ ತೆಗೆದುಕೊಟ್ಟರು. ಹತ್ತು ತುಂಬದ ಹುಡುಗಿಗೆ! "ಇನ್ಮೇಲೆ ಗುಬ್ಬಿ ಅನ್ನಬಾರ್ದು, ಕೊಕ್ಕರೆ ಅನ್ಬೇಕು" ಎಂದು ಗಿರಾಕಿಗಳ ಮುಂದೆಯೇ ಇವರು ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. ಇವಳು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಬೂಟಿನ ಡಬ್ಬಿಯಲ್ಲಿ ಮಲಗಿಸುವಷ್ಟೇ ಇದ್ದದ್ದು, ನಮ್ಮತ್ತೆ ನೋಡಿ "ಇದು ಮಗುನೋ ಬೆರಳೋ" ಎಂದದ್ದು, ಯಾವುದನ್ನೂ ನಾನು ಮರೆತಿಲ್ಲ. ಅದೇ ಅತ್ತೆ ಈಗ ಅವಳ ಕೈಯಲ್ಲಿ ಅಟ್ಟದ ಸಾಮಾನು ಇಳಿಸಿಕೊಳ್ಳುತ್ತಾರೆ.

ಮೈ ಬೆಳೆದದ್ದು ಅವಳಿಗೇ ಇನ್ನೂ ರೂಢಿಯಾಗಿಲ್ಲ. ಬಾಗಿಲು ದಾಟುವಾಗ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುತ್ತಾಳೆ. ಎರಡೂ ಭುಜ ನೀಲಿಗಟ್ಟಿವೆ.

ನೀನು ಬೆಳವಣಿಗೆಯನ್ನೇ ಓದಿದವಳು. ಇಷ್ಟು ಬೇಗ ಬೆಳೆಯುವುದು ಸರಿಯೇ ಎಂದು ಒಂದು ಸಾಲು ಬರೆ. ಕೇಳುವುದಕ್ಕೆ ಕಾರಣವೇನೂ ಇಲ್ಲ, ಸುಮ್ಮನೆ ಕೇಳಿದೆ.

ನಿನ್ನ ತಂಗಿ

ಜೂನ್ ೨೪

ತಂಗೀ,

ಸುಮ್ಮನೆ ಕೇಳಿದೆ ಎಂದು ನೀನು ಬರೆದರೆ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೇಳಿದ್ದೀಯ ಎಂದು ಅರ್ಥ. ಚಿಕ್ಕಂದಿನಿಂದ ನೋಡಿಲ್ಲವೇ ನಿನ್ನನ್ನು? ಮಗು ಬೆಳೆಯದಿದ್ದಾಗ ಬೆಳೆಯಲಿಲ್ಲವೆಂದು ಅತ್ತಿದ್ದೆ, ಈಗ ಬೆಳೆಯಿತೆಂದು ಅಳುತ್ತಿದ್ದೀ. ನಮ್ಮ ಅಜ್ಜನನ್ನು ಮರೆತೆಯಾ? ಯಾರ ಮನೆಗೆ ಹೋದರೂ ಬಗ್ಗಿಯೇ ಒಳಗೆ ಬರುತ್ತಿದ್ದರು. "ಎಷ್ಟು ವಿನಯ ಇವರಿಗೆ" ಎಂದು ಜನ ಹೊಗಳುತ್ತಿದ್ದರು. ಆ ಎತ್ತರ ನಮ್ಮಿಬ್ಬರನ್ನೂ ಹಾರಿ ನಿನ್ನ ಮಗಳ ಮೇಲೆ ಇಳಿದಿದೆ, ಅಷ್ಟೇ. ರಕ್ತದಲ್ಲಿರುವುದು ಒಂದು ತಲೆಮಾರು ನಿದ್ದೆ ಮಾಡಿ ಎದ್ದು ಬರುವುದನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ.

ಬೆಟ್ಟ ಅಗೆದು ಇಲಿ ಹಿಡಿಯುವವಳು ಎಂದು ನಿನ್ನ ಯಜಮಾನರು ನನ್ನನ್ನು ಆಡಿಕೊಳ್ಳುವುದು ಗೊತ್ತು. ಇಲಿ ಹಿಡಿದು ಬೆಟ್ಟ ಮಾಡುವವಳು ಎಂದು ತಿದ್ದಿ ಹೇಳು. ಇಪ್ಪತ್ತು ಪೀಳಿಗೆಯಾಯಿತು. ಮರಿಗಳಿಗೆ ಆರು ವಾರ ತುಂಬಿದಾಗ ಒಂದೊಂದನ್ನೇ ತೂಗುತ್ತೇನೆ. ದಪ್ಪನೆಯವಕ್ಕೆ ದಪ್ಪನೆಯವನ್ನೇ ಗಂಟು ಹಾಕುತ್ತೇನೆ, ಸಣಕಲಿಗೆ ಸಣಕಲನ್ನು. ಮೂರನೆಯದೊಂದು ಸಾಲಿದೆ, ಅದರಲ್ಲಿ ನಾನು ಆರಿಸುವುದೇ ಇಲ್ಲ, ಯಾರಿಗೆ ಯಾರು ಸಿಕ್ಕರೆ ಅವರು, ನಿಮ್ಮ ಮದುವೆಗಳ ಹಾಗೆ. ಹೋಲಿಸಿ ನೋಡಲು ಅಂಥವೂ ಬೇಕು. ಈಗ ದೊಡ್ಡ ಸಾಲಿನ ಒಂದು ಇಲಿ ಸಣ್ಣ ಸಾಲಿನ ಎರಡಕ್ಕೆ ಸಮ. ಮೇವು ಒಂದೇ, ಕೋಣೆ ಒಂದೇ, ನೀರು ಒಂದೇ. ವ್ಯತ್ಯಾಸವೆಲ್ಲ ಹುಟ್ಟಿನದು.

ಒಂದು ತಮಾಷೆ ಹೇಳುತ್ತೇನೆ. ಗಾತ್ರದ ಜೊತೆ ಸಮಾಧಾನವೂ ಬರುತ್ತದೆ. ಸಣ್ಣವು ತಕ್ಕಡಿಯ ಮೇಲಿಟ್ಟರೆ ಕುಣಿದಾಡುತ್ತವೆ, ಮುಳ್ಳು ನಿಲ್ಲುವುದಿಲ್ಲ, ಮೂರು ಸಲ ತೂಗಬೇಕು. ದೊಡ್ಡವು ಕೈ ತಂದರೂ ಹೆದರುವುದಿಲ್ಲ. ಕೂರಿಸಿದಲ್ಲಿ ಕೂರುತ್ತವೆ. ಎರಡು ಮರಿ ಸಮತೂಕ ಬಂದರೆ ಸುಮ್ಮನೆ ಕೂತದ್ದನ್ನೇ ನಾನು ಆರಿಸುವುದು. ಅವುಗಳಲ್ಲಿ ಒಬ್ಬಳಿಗೆ ದೊಡ್ಡತ್ತೆ ಎಂದು ಹೆಸರಿಟ್ಟಿದ್ದೇನೆ, ನನ್ನ ಅಂಗೈಯಲ್ಲಿ ಧ್ಯಾನಕ್ಕೆ ಕೂತ ಹಾಗೆ ಕೂರುತ್ತಾಳೆ. ಗುಬ್ಬಿಗೆ ಹೇಳು: ದೊಡ್ಡವರಾಗುವವರು ಗಲಾಟೆ ಮಾಡುವುದಿಲ್ಲ.

ಚೌಕಟ್ಟಿನ ಚಿಂತೆ ಬಿಡು. ಹೆತ್ತವರಿಗೆ ಹೆಗ್ಗಣವೂ ಮುದ್ದು, ನಿನ್ನದು ಇನ್ನೂ ಕೊಕ್ಕರೆ.

ಅಕ್ಕ

ಆಗಸ್ಟ್ ೩೦

ಅಕ್ಕಾ,

ಉತ್ತರ ತಡವಾಯಿತು, ಬೈಯಬೇಡ. ಶಾಲೆ ಬೂಟಿನ ಕಾಲದಲ್ಲಿ ನಮಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ನಿನ್ನ ಪತ್ರ ಓದಿ ಎದೆ ಹಗುರಾಯಿತು. ಗುಬ್ಬಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಅಜ್ಜನ ಭಾಗಕ್ಕಿಂತ ದೊಡ್ಡತ್ತೆಯ ಭಾಗವನ್ನು ಎರಡು ಸಲ ಓದಿಸಿಕೊಂಡಳು. ಅಂದಿನಿಂದ ಏನು ಕೇಳಿದರೂ "ನಾನು ಗಲಾಟೆ ಮಾಡಲ್ಲಮ್ಮ, ದೊಡ್ಡಮ್ಮ ಹೇಳಿದಾರೆ" ಅನ್ನುತ್ತಾಳೆ. ನಿಜಕ್ಕೂ ಸಮಾಧಾನ ಬಂದಿದೆ. ಮೊದಲು ತನ್ನ ನೆರಳಿಗೇ ಹಾರಿಬೀಳುತ್ತಿದ್ದವಳು, ಮೊನ್ನೆ ಬೀದಿನಾಯಿ ಬಂದು ಪಕ್ಕಕ್ಕೇ ನಿಂತರೂ ಕದಲಲಿಲ್ಲ. ನಾನೇ ಕಿರುಚಿದೆ. ಅವಳು "ಎಲ್ಲಿ?" ಎಂದು ನಿಧಾನವಾಗಿ ಕತ್ತು ತಿರುಗಿಸಿದಳು. ನಿನ್ನ ಮಾತು ಎಷ್ಟು ಸರಿ ಅಂದುಕೊಂಡೆ.

ಊಟಕ್ಕೆ ಕೂತಾಗ ಪಕ್ಕದ ಲೋಟ ಉರುಳಿಸುವುದು ಮಾತ್ರ ತಪ್ಪಿಲ್ಲ. ಈ ವಾರ ಮೂರು ಗಾಜಿನವು ಹೋದವು. ಸ್ಟೀಲಿನದು ಕೊಟ್ಟಿದ್ದೇನೆ, ಅದು ಉರುಳಿದರೆ ಸದ್ದು ಜಾಸ್ತಿ ಅಷ್ಟೇ. ಆಟದ ಮೇಷ್ಟ್ರು ಒಂದು ಚೀಟಿ ಕಳಿಸಿದ್ದಾರೆ, ಅದರ ವಿಷಯ ಆಮೇಲೆ ಬರೆಯುತ್ತೇನೆ.

ಬೂಟು ಮತ್ತೆ ಬಿಗಿಯಾಗಿದೆ. ಹೆಂಗಸರ ಸಾಲಿನಲ್ಲಿ ಇನ್ನೊಂದೇ ಅಳತೆ ಉಳಿದಿರುವುದು. ಅದಾದ ಮೇಲೆ ಗಂಡಸರ ಕಪಾಟು. ಇವರು ಈಗ ತಮಾಷೆ ಮಾಡುವುದನ್ನು ನಿಲ್ಲಿಸಿದ್ದಾರೆ, ಯಾಕೋ ಗೊತ್ತಿಲ್ಲ.

ನಿನ್ನ ಪತ್ರವನ್ನು ಇಲ್ಲಿ ಒಬ್ಬರಿಗೆ ತೋರಿಸಿದೆ. ಓದಿ ಸುಮ್ಮನಾದರು. ಬೆಳವಣಿಗೆಯ ವಿಷಯದಲ್ಲಿ ನನ್ನ ಅಕ್ಕನಿಗಿಂತ ತಿಳಿದವರು ಯಾರಿದ್ದಾರೆ ಎಂದು ಕೇಳಿಯೇಬಿಟ್ಟೆ, ನೋಡು ಎಷ್ಟು ಧೈರ್ಯ ನನಗೆ!

ತಂಗಿ

ಸೆಪ್ಟೆಂಬರ್ ೧೬

ತಂಗೀ,

ಯಾರಿಗೆ ತೋರಿಸಿದೆ ಮಾರಾಯ್ತಿ? ನನ್ನ ಅಕ್ಷರ ನೋಡಿ ಇಲಿ ಬರೆದದ್ದೇ ಅಂದುಕೊಂಡಿರಬೇಕು ಅವರು.

ಗುಬ್ಬಿಯ ಪಾದದ ಅಳತೆಗಳನ್ನು ಹುಟ್ಟಿದಾಗಿನಿಂದ ಬರೆದು ಕಳಿಸು, ಅಂಗಡಿಯವಳಿಗೆ ನೆನಪಿರದೆ ಇರುತ್ತದೆಯೇ? ನಕ್ಷೆಯಲ್ಲಿ ಇಲಿಗಳ ಬೆಳವಣಿಗೆಯ ಗೆರೆಯ ಪಕ್ಕದಲ್ಲಿ ಅವಳದನ್ನೂ ಎಳೆದು, ಅವಳ ಹುಟ್ಟುಹಬ್ಬಕ್ಕೆ ಚೌಕಟ್ಟು ಹಾಕಿಸಿ ಕಳಿಸುತ್ತೇನೆ. ನನ್ನ ಇಲಿಗಳದ್ದು ಬೆಟ್ಟ ಹತ್ತುವ ದಾರಿಯ ಹಾಗೆ ಸರ್ರನೆ ಏರಿ ಆರು ವಾರದ ಹೊತ್ತಿಗೆ ಬಾಗುತ್ತದೆ. ಎಷ್ಟೇ ದೊಡ್ಡದಿರಲಿ, ಬಾಗಲೇಬೇಕು.

ಇಲ್ಲಿ ನನ್ನ ಕೆಲಸದ ಹೊಗಳಿಕೆ ಜೋರಾಗಿದೆ. ಪಕ್ಕದ ವಿಭಾಗದವರೆಲ್ಲ ಬಂದು ದೊಡ್ಡತ್ತೆಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಹೊಟ್ಟೆಯುರಿಯವರೂ "ಇಷ್ಟು ಸಾಧು ಇಲಿ ಎಲ್ಲೂ ನೋಡಿಲ್ಲ" ಅನ್ನುತ್ತಾರೆ. ದೊಡ್ಡ ಸಾಲಿನ ಹೆಣ್ಣುಗಳು ಮರಿ ಹಾಕುವುದು ಕಡಿಮೆಯಾಗಿದೆ, ಕೆಲವು ಬೇಗ ಸಾಯುತ್ತಿವೆ. ಇದು ಗಾತ್ರಕ್ಕೆ ತೆರಬೇಕಾದ ಸುಂಕ, ಎಲ್ಲ ಕಡೆ ಹೀಗೇ ಆಗುತ್ತದಂತೆ. ಇದನ್ನು ನಿನಗೇಕೆ ಬರೆದೆನೋ. ಗುಬ್ಬಿಗೆ ಈ ಭಾಗ ಓದಬೇಡ.

ಮೇಷ್ಟ್ರ ಚೀಟಿಯ ವಿಷಯ ಆಮೇಲೆ ಅಂದೆ. ಆ ಆಮೇಲೆ ಯಾವಾಗ?

ಅಕ್ಕ

ಅಕ್ಟೋಬರ್ ೧೧

ಅಕ್ಕಾ,

ಅಳತೆಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿದ್ದೇನೆ. ಕೊನೆಯದು ಗಂಡಸರ ಕಪಾಟಿನದು. ಇವರು ಅದನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದರು, ಅಂಗಡಿಯಲ್ಲಿ ಹಾಕಿಸಲಿಲ್ಲ.

ಗುಬ್ಬಿಗೆ ಬೆಳಿಗ್ಗೆ ತಲೆನೋವು. ಶಾಲೆ ತಪ್ಪಿಸುವ ನೆಪ ಅಂದುಕೊಂಡಿದ್ದೆ, ಈಗ ಭಾನುವಾರವೂ ಇರುತ್ತದೆ. ಅವಳಾಗಿ ಹೇಳುವುದಿಲ್ಲ. ಹಣೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾಳೆ, ನಾನು ಹೋದರೆ ಕೈ ಇಳಿಸುತ್ತಾಳೆ. ಚಳಿಯಲ್ಲೂ ಬೆವರುತ್ತಾಳೆ. ಮುಂದಿನ ಹಲ್ಲುಗಳ ನಡುವೆ ಸಂದು ಬಿಟ್ಟಿದೆ. ನಕ್ಕರೆ ನನಗೆ ಬೇರೆ ಯಾರದೋ ಮಗಳನ್ನು ನೋಡಿದ ಹಾಗಾಗುತ್ತದೆ. ಹೀಗೆ ಬರೆಯಬಾರದು, ಬರೆದುಬಿಟ್ಟೆ.

ಮೇಷ್ಟ್ರ ಚೀಟಿಯಲ್ಲಿ ಅಂಥದ್ದೇನೂ ಇಲ್ಲ. ಓಟದಲ್ಲಿ ಪಕ್ಕದವಳ ಗೆರೆಗೆ ನುಗ್ಗಿ ಇಬ್ಬರೂ ಬಿದ್ದರಂತೆ. ಅಷ್ಟೇ.

ದೊಡ್ಡ ಸಾಲಿನವು ಬೇಗ ಸಾಯುತ್ತವೆ ಅಂದೆಯಲ್ಲ. ಎಷ್ಟು ಬೇಗ? ಗೆರೆ ಎಳೆದೆಯಾ? ಬಾಗಿತೇ?

ತಂಗಿ

ನವೆಂಬರ್ ೪

ತಂಗೀ,

ಇದು ತಲುಪುವ ಮೊದಲೇ ನನ್ನ ತಂತಿ ಕೈ ಸೇರಿರುತ್ತದೆ: "ಗುಬ್ಬಿಯನ್ನು ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸು. ಕಾಯಬೇಡ." ಗಾಬರಿಯಾಗಿರುತ್ತೀಯ. ಆಗಲಿ. ಇಷ್ಟು ದಿನ ಗಾಬರಿಯಾಗಬೇಡ ಎಂದು ಬರೆದವಳು ನಾನೇ.

ಅವಳ ಗೆರೆ ಬಾಗಲಿಲ್ಲ. ಎಳೆದು ಮೂರು ವಾರವಾಯಿತು. ಬಾಗುವ ಕಾಲ ಬರುತ್ತದೆ ಎಂದುಕೊಂಡು ಖಾನೆಯಲ್ಲಿಟ್ಟಿದ್ದೆ, ನಿನಗೆ ಉತ್ತರ ಬರೆಯಲಿಲ್ಲ. ಏನು ಬರೆಯಲಿ ಎಂದು ಹೆದರಿದೆ.

ನಿನ್ನೆ ನಮ್ಮಲ್ಲಿಗೆ ಪಶುವೈದ್ಯರು ಬಂದಿದ್ದರು, ದೊಡ್ಡ ಸಾಲು ಯಾಕೆ ಮರಿ ಹಾಕುತ್ತಿಲ್ಲ ಎಂದು ನೋಡಲು. ದೊಡ್ಡತ್ತೆಯನ್ನು ಬಾಲ ಹಿಡಿದೆತ್ತಿ ಮೇಜಿನ ಕಡೆಗೆ ಮೆಲ್ಲಗೆ ಇಳಿಸಿದರು. ಮೀಸೆ ಮೇಜಿಗೆ ತಾಗುವವರೆಗೂ ಅವಳು ತೆಪ್ಪಗೆ ನೇತಾಡುತ್ತಿದ್ದಳು.

"ಇದಕ್ಕೆ ಕಣ್ಣು ಕಾಣಲ್ಲ ಮೇಡಂ."

"ಕಾಣದೆ ಏನು? ಭಾರ ಜಾಸ್ತಿ, ಸೋಮಾರಿ ಅಷ್ಟೇ" ಎಂದೆ.

"ಸಣ್ಣ ಸಾಲಿಂದ ಒಂದು ಕೊಡಿ ನೋಡೋಣ."

ಕೊಟ್ಟೆ. ಮೇಜು ಇನ್ನೂ ಒಂದು ಗೇಣು ದೂರವಿರುವಾಗಲೇ ಅದು ಮುಂಗಾಲು ಎರಡನ್ನೂ ಚಾಚಿತು, ಮಗು ಎತ್ತಿಕೊಳ್ಳಲು ಕೈ ಚಾಚುವ ಹಾಗೆ. ಆಮೇಲೆ ದೊಡ್ಡ ಸಾಲಿನವನ್ನು ಒಂದೊಂದಾಗಿ ಇಳಿಸಿದರು. ಕಾಲು ಚಾಚಿದವು ಬೆರಳೆಣಿಕೆಯಷ್ಟೇ. ಕಣ್ಣಿನ ಹಿಂಪರದೆ ಸವೆದುಹೋಗಿದೆಯಂತೆ, ಹುಟ್ಟಿನಿಂದ ಬಂದದ್ದು.

ನಾನು ತೂಕ ಮಾತ್ರ ಆರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಸಮತೂಕದವುಗಳಲ್ಲಿ ಸುಮ್ಮನೆ ಕೂತದ್ದನ್ನು ಆರಿಸಿದೆ, ಮುಳ್ಳು ನಿಲ್ಲಲಿ ಎಂದು. ಸುಮ್ಮನೆ ಯಾರು ಕೂರುತ್ತಾರೆ? ಬರುವ ಕೈ ಕಾಣದವರು. ಒಂದು ಕೈಯಲ್ಲಿ ಗಾತ್ರ ಆರಿಸಿದೆ, ಇನ್ನೊಂದು ಕೈಯಲ್ಲಿ ಕುರುಡು ಆರಿಸಿದೆ. ಅದನ್ನು ಸಮಾಧಾನ ಎಂದು ಹೊಗಳಿದೆ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಆ ದೀಪ ನಾನು.

ಕೈ ತೊಳೆಯಲು ನಲ್ಲಿಯ ಹತ್ತಿರ ನಿಂತೆ. ಆಗ ನಿನ್ನ ಲೋಟಗಳು ನೆನಪಾದವು. ಚೌಕಟ್ಟು. ಪಕ್ಕಕ್ಕೆ ಬಂದು ನಿಂತ ನಾಯಿ. ಪಕ್ಕದ ಗೆರೆಯ ಹುಡುಗಿ. ಎಲ್ಲವೂ ಪಕ್ಕದ್ದೇ.

ಇಲಿಗಳ ರೋಗವೇ ಅವಳಿಗೆ ಬಂದಿದೆ ಎಂದು ಹೇಳುತ್ತಿಲ್ಲ. ಅವಳದ್ದು ಬೇರೆ. ತಲೆಯೊಳಗೆ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿಯಿದೆ. ಮೈ ಬೆಳೆಸುವುದು ಅದರ ಕೆಲಸ. ಅದರಲ್ಲಿ ಗಡ್ಡೆ ಎದ್ದರೆ ಮಗು ಬೆಳೆಯುತ್ತಲೇ ಹೋಗುತ್ತದೆ. ಗಡ್ಡೆ ಮೇಲಿನ ನರಗಳನ್ನು ಒತ್ತುತ್ತದೆ. ಮೊದಲು ಹೋಗುವುದು ಪಕ್ಕದ ನೋಟ. ಇದನ್ನು ನಾನು ಓದಿದ್ದೇನೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಆದರೆ ಇಪ್ಪತ್ತು ಪೀಳಿಗೆ ತೂಗಿ ತೂಗಿ, ಯಾರು ಬೆಳೆದರೂ ಅಜ್ಜನನ್ನು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ.

ಅವಳನ್ನು ಎದುರಿಗೆ ಕೂರಿಸಿ ನಿನ್ನ ಮೂಗನ್ನೇ ನೋಡಲು ಹೇಳು. ನಿನ್ನ ಎರಡು ಬೆರಳನ್ನು ಅವಳ ಎರಡೂ ಕಿವಿಗಳ ಕಡೆಯಿಂದ ಮೆಲ್ಲಗೆ ಮುಂದಕ್ಕೆ ತಾ. ಎಲ್ಲಿ ಕಂಡಿತು ಎಂದು ಕೇಳು. ನಾನು ಹೇಳಿದ್ದು ಸುಳ್ಳಾಗಲಿ.

ಅಕ್ಕ

ನವೆಂಬರ್ ೨೩

ತಂಗೀ,

ನಿನ್ನ ಯಜಮಾನರ ತಂತಿ ಬಂತು. "ತೋರಿಸಿದೆವು. ದೊಡ್ಡ ಆಸ್ಪತ್ರೆಗೆ ಹೊರಟಿದ್ದೇವೆ. ನಿಮ್ಮ ತಂಗಿ ಬರೆಯುತ್ತಾಳೆ." ಅದಾಗಿ ಎರಡು ವಾರ. ಟಪಾಲಿನವನ ಸೈಕಲ್ ಸದ್ದಿಗೆ ಮೆಟ್ಟಿಲಿಳಿದು ಹೋಗುತ್ತೇನೆ. ನನ್ನನ್ನು ನೋಡಿದರೆ ಅವನೇ ಈಗ ತಲೆ ತಗ್ಗಿಸುತ್ತಾನೆ.

ಬರಲೇ? ರಜೆ ಸಿಕ್ಕಿದೆ, ಪೆಟ್ಟಿಗೆ ಕಟ್ಟಿದ್ದೇನೆ. ನೀನು ಕರೆಯದೆ ಬರಲು ಧೈರ್ಯವಿಲ್ಲ. ಒಂದು ಕಾರ್ಡಿನಲ್ಲಿ "ಬಾ" ಎಂದು ಬರೆ ಸಾಕು. "ಬರಬೇಡ" ಎಂದಾದರೂ ಬರೆ.

ಅಕ್ಕ

ಡಿಸೆಂಬರ್ ೧೨

ತಂಗೀ,

ಇಲ್ಲಿನ ಮುಖ್ಯಸ್ಥರಿಗೆ ಬಹಳ ಸಂತೋಷವಾಗಿದೆ. ಕುರುಡು ಸಾಲು ಬೇರೆಯವರಿಗೂ ಉಪಯೋಗಕ್ಕೆ ಬರುತ್ತದಂತೆ, ಮುಂದುವರಿಸಿ ಅನ್ನುತ್ತಿದ್ದಾರೆ. ನನಗೆ ತಕ್ಕಡಿ ಮುಟ್ಟಲು ಆಗುತ್ತಿಲ್ಲ. ಗೂಡಿನ ಮುಚ್ಚಳ ತೆಗೆದರೆ ಅವು ನನ್ನ ಕಡೆ ನೋಡುವುದೂ ಇಲ್ಲ, ಓಡುವುದೂ ಇಲ್ಲ. ದೊಡ್ಡತ್ತೆ ಸೋಮವಾರ ಸತ್ತಳು.

ಗುಬ್ಬಿ ಇದ್ದಾಳೆ ಎಂದಾದರೂ ಬರೆ.

ಅಕ್ಕ

ಡಿಸೆಂಬರ್ ೨೭

ಅಕ್ಕಾ,

ಇದ್ದಾಳೆ.

ಮೊದಲು ಅದನ್ನು ಬರೆದೆ. ಇನ್ನು ಉಳಿದದ್ದನ್ನು ಬರೆಯುತ್ತೇನೆ, ನಡುವೆ ನಿಲ್ಲಿಸದೆ ಓದು.

ನಿನ್ನ ತಂತಿ ಬಂದ ದಿನವೇ ಓಡಿದೆವು. ಕಣ್ಣಿನ ಡಾಕ್ಟರು ಐದು ನಿಮಿಷ ನೋಡಿ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಹೊರಡುವ ದಿನ ನಿನ್ನ ಪತ್ರ ಬಂತು. ಬೆರಳಿನ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿದೆ, ಗಿರಾಕಿ ಕೂರುವ ಬೆಂಚಿನ ಮೇಲೆ ಕೂರಿಸಿ. ಕಿವಿಯ ಹತ್ತಿರ ಬೆರಳಾಡಿಸಿದೆ. "ಕಂಡ್ತಾ?" "ಇಲ್ಲ." ಕೆನ್ನೆಯ ಪಕ್ಕಕ್ಕೆ ತಂದೆ. "ಈಗ?" "ಶುರು ಮಾಡಮ್ಮ ಮೊದ್ಲು" ಎಂದಳು. ನನ್ನ ಬೆರಳು ಹೆಚ್ಚು ಕಡಿಮೆ ಅವಳ ಮೂಗಿನ ಎದುರಿಗೇ ಬಂದಿತ್ತು. ಇವರು ಬೂಟಿನ ಡಬ್ಬಿಗಳ ಮಧ್ಯೆ ನೆಲದ ಮೇಲೆ ಕೂತುಬಿಟ್ಟರು.

ಗಡ್ಡೆ ತೆಗೆದಿದ್ದಾರೆ. ನೀನು ಹೇಳಿದ ಜಾಗದಲ್ಲೇ ಇತ್ತು. ಇನ್ನು ಹೀಗೆ ಬೆಳೆಯುವುದಿಲ್ಲವಂತೆ. ತಲೆನೋವು ಹೋಗಿದೆ. ನೆಟ್ಟಗೆ ಎದುರಿಗೆ ಇರುವುದು ಕಾಣುತ್ತದೆ, ಪಕ್ಕದ್ದು ಹೋಯಿತು. ಬರುವುದಿಲ್ಲ. "ಬೇಸಗೆ ಮುಗಿಯೋ ಹೊತ್ತಿಗೆ ತಂದಿದ್ರೆ ಉಳಿಸ್ಬಹುದಿತ್ತು" ಎಂದರು ಡಾಕ್ಟರು. "ಯಾರೂ ಹೇಳ್ಲಿಲ್ವಾ ನಿಮ್ಗೆ?" ಎಂದೂ ಕೇಳಿದರು.

ಹೇಳಿದ್ದರು ಅಕ್ಕಾ. ಮೇಷ್ಟ್ರ ಚೀಟಿಯಲ್ಲಿ ಇದ್ದದ್ದು ಅದೇ, ಮಗುವಿನ ಕಣ್ಣು ತೋರಿಸಿ ಎಂದು. ನಮ್ಮ ಬೀದಿಯ ಡಾಕ್ಟರು ಜೂನ್ ಮೊದಲ ವಾರದಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ ಅಂದಿದ್ದರು. ಅದಕ್ಕೇ ನಿನಗೆ ಬರೆದು ಕೇಳಿದ್ದು ನಾನು. ಅವರು ಹೇಳಿದ್ದನ್ನು ಬರೆಯಲಿಲ್ಲ, ಬರೆದರೆ ನೀನೂ ಹೋಗು ಅಂದುಬಿಟ್ಟರೆ ಎಂದು ಹೆದರಿದೆ. ಬೀದಿಯ ಡಾಕ್ಟರ ಮಾತಿಗೆ ಬೆಲೆ ಕೊಡಲಿಲ್ಲ, ಹಿತ್ತಲ ಗಿಡ ಮದ್ದಲ್ಲವಲ್ಲ. ನಿನ್ನ ಉತ್ತರ ಹಿಡಿದುಕೊಂಡು ಹೋಗಿ ಅವರ ಮುಖದ ಮುಂದೆ ಹಿಡಿದೆ. ಓದಿ ಸುಮ್ಮನಾದರು ಎಂದು ಬರೆದಿದ್ದೆನಲ್ಲ, ಅವರೇ ಅದು.

ನನಗೆ ನಿನ್ನ ಮೇಲೆ ಸಿಟ್ಟಿದೆ. ಮಗುವನ್ನು ನೋಡದೆ, ಮುಟ್ಟದೆ, ಎರಡು ಹಾಳೆ ನಗು ಬರೆದು ಕಳಿಸಿದೆ. ನನ್ನ ಮೇಲೆ ಇನ್ನೂ ಜಾಸ್ತಿ ಇದೆ. ಕಾಲು ಅಳೆಯಬೇಡಿ, ಇದೇ ಅಳತೆ ಕೊಡಿ ಎಂದು ಹಟ ಹಿಡಿಯುವ ಗಿರಾಕಿಗಳು ನಮ್ಮಲ್ಲಿಗೆ ಬರುತ್ತಾರೆ. ಕಚ್ಚುತ್ತದೆ ಎಂದು ಗೊತ್ತಿದ್ದೂ ಕಟ್ಟಿಕೊಡುತ್ತೇವೆ. ನಾನು ಅಂಥ ಗಿರಾಕಿಯಾಗಿ ನಿನ್ನ ಹತ್ತಿರ ಬಂದೆ. ನನ್ನ ಬೆರಳಿನಷ್ಟು ಮಗು ದೊಡ್ಡದಾಗುವುದನ್ನು ಯಾರೂ ನಿಲ್ಲಿಸದಿರಲಿ ಎಂದಷ್ಟೇ ನನಗೆ ಬೇಕಿತ್ತು.

ನಿನ್ನ ನವೆಂಬರಿನ ಪತ್ರವನ್ನು ಗುಬ್ಬಿಗೆ ಓದಿ ಹೇಳಿದೆ, ಅವಳೇ ಕೇಳಿದಳು. ದೊಡ್ಡತ್ತೆಯ ಭಾಗಕ್ಕೆ ಬಂದಾಗ ತಡೆದಳು.

"ಅವಕ್ಕೆ ಕಾಣಲ್ಲ ಅಂತ ಇಷ್ಟು ದಿನ ಯಾರಿಗೂ ಯಾಕೆ ಗೊತ್ತಾಗ್ಲಿಲ್ಲ?"

"ಅವು ಸುಮ್ನೆ ಕೂತಿದ್ವಲ್ಲ, ಅದಕ್ಕೆ" ಎಂದೆ.

ಗೋಡೆಯ ಕಡೆ ತಿರುಗಿ ಮಲಗಿದಳು. ನಿದ್ದೆ ಬಂತು ಎಂದುಕೊಂಡೆ.

"ನಾನೂ ಸುಮ್ನೆ ಕೂತಿದ್ದೆ, ಅಲ್ವಾಮ್ಮ?"

ಇದಕ್ಕೆ ಉತ್ತರ ನೀನೇ ಹೇಳು ಅವಳಿಗೆ. ಪತ್ರದಲ್ಲಿ ಬೇಡ.

ಬಾ. ಬರುವಾಗ ಎದುರಿನಿಂದ ಬಾ, ಬಾಗಿಲಲ್ಲೇ ಅವಳನ್ನು ಹೆಸರು ಹಿಡಿದು ಕೂಗು. ಪಕ್ಕದಿಂದ ಬಂದು ಮುಟ್ಟಬೇಡ. ಈಗ ಬೆಚ್ಚಿಬೀಳುತ್ತಾಳೆ.

ತಂಗಿ